ಮುಂಡಿನ ಮೇಲೆ ಶುಕ್ರ

ನಮ್ಮ ಅತ್ತೆಗೆ ನೆಲದ ಮೇಲಿನ ವ್ಯವಹಾರ ಒಂದೂ ಕಣ್ಣಿಗೆ ಬೀಳುವುದಿಲ್ಲ ಎಂದರೆ ಸೊಸೆಯ ಚಾಡಿ ಎಂದುಕೊಳ್ಳಬೇಡಿ. ಆ ಮಂಗಳವಾರದ ಬೆಳಗನ್ನೇ ನೋಡಿ. ಎರಡು ಸಾವಿರದ ನಾಲ್ಕನೇ ಇಸವಿಯ ಜೂನ್. ಕಾಪುವಿನ ನಮ್ಮ ಮನೆಯಲ್ಲಿ ನಾನು ಎಂದಿನಂತೆ ಒಂದು ಒಲೆಯಲ್ಲಿ ನೀರುದೋಸೆ, ಇನ್ನೊಂದರಲ್ಲಿ ಹಾಲು ಇಟ್ಟು, ಗಂಡನ ಬುತ್ತಿಯ ಮುಚ್ಚಳ ಹುಡುಕುತ್ತಿದ್ದೆ. ಅವರಿಗೆ ಮಣಿಪಾಲದ ಬಸ್ಸು ತಪ್ಪಿದರೆ ಮತ್ತೆ ದಿನವಿಡೀ ಮುಖ ಊದಿಕೊಂಡಿರುತ್ತದೆ.

“ಅತ್ತೆ, ಹಾಲು ಸ್ವಲ್ಪ ನೋಡಿಕೊಳ್ಳಿ” ಎಂದೆ.

“ನೋಡ್ತಾ ಇದ್ದೇನೆ” ಎಂದರು.

ಹಾಲು ಉಕ್ಕಿತು, ಒಲೆ ಆರಿತು, ಕಟ್ಟೆಯಿಂದ ಇಳಿದು ನನ್ನ ಕಾಲ ಬೆರಳಿನ ತನಕ ಬಂತು. ಅತ್ತೆ ಕಿಟಕಿಯ ಸರಳು ಹಿಡಿದು ಆಕಾಶ ನೋಡುತ್ತಿದ್ದರು!

“ಹಾಲೆಲ್ಲ ಹೋಯ್ತಲ್ಲ ಅತ್ತೆ!”

“ಹೋದರೆ ಹೋಗಲಿ. ಹಾಲು ನಾಳೆಯೂ ಬರ್ತದೆ. ಶುಕ್ರ ನಾಳೆ ಬರ್ತದಾ?”

ವಿಷಯ ಇಷ್ಟೆ. ಆ ದಿನ ಶುಕ್ರ ಗ್ರಹ ಸೂರ್ಯನ ಮುಂದೆ ಹಾದುಹೋಗುವುದಿತ್ತು. ಹಾಗೆ ಆಗಿ ನೂರು ವರ್ಷದ ಮೇಲಾಗಿದೆಯಂತೆ, ಬದುಕಿರುವವರು ಯಾರೂ ಅದನ್ನು ಕಂಡವರಲ್ಲವಂತೆ. ಅತ್ತೆ ಇದನ್ನು ಪೇಪರಿನಲ್ಲಿ ಓದಿದಂದಿನಿಂದ ಮನೆಗೆ ಬಂದವರಿಗೆಲ್ಲ ಚಹಾಕ್ಕಿಂತ ಮೊದಲು ಶುಕ್ರನನ್ನೇ ಬಡಿಸುತ್ತಿದ್ದರು. ಬೆಳಿಗ್ಗೆ ಸುಮಾರು ಹನ್ನೊಂದಕ್ಕೆ ಶುರು, ಸಂಜೆಯ ಹೊತ್ತಿಗೆ ಮುಗಿಯುತ್ತದೆ. ಎಲ್ಲ ಸರಿ, ಆದರೆ ನಮ್ಮೂರಿನಲ್ಲಿ ಜೂನ್ ಎಂದರೆ ಸೂರ್ಯನಿಗೇ ರಜೆಯಲ್ಲವೇ? ಇಷ್ಟು ವರ್ಷ ತಡೆದುಕೊಂಡ ಶುಕ್ರನಿಗೆ ಒಂದು ತಿಂಗಳು ಮುಂಚೆ, ನಾವು ಹಪ್ಪಳ ಒಣಗಿಸುವಾಗ ಬರಲು ಏನು ಧಾಡಿಯಾಗಿತ್ತು?

ಅತ್ತೆಯ ಬಳಿ ಒಂದು ಬೈನಾಕ್ಯುಲರ್ ಉಂಟು. ದುಬೈಯಲ್ಲಿದ್ದ ಅವರ ತಮ್ಮ “ಅಕ್ಕನಿಗೆ ಎಂತ ತರಲಿ?” ಎಂದು ಕೇಳಿದಾಗ, ಬೇರೆ ಅಕ್ಕಂದಿರು ಬಳೆ, ಸೆಂಟು ಎನ್ನುವಲ್ಲಿ ಇವರು ಇದನ್ನು ಹೇಳಿ ತರಿಸಿದ್ದು. ಅದನ್ನು ಬೆಳ್ಳಿಯ ದೀಪ, ಹರಿವಾಣಗಳ ಜೊತೆ ಕಪಾಟಿನಲ್ಲಿಟ್ಟು ಬೀಗ ಹಾಕುತ್ತಾರೆ. ಅದು ಹೊರಗೆ ಬಂತೆಂದರೆ ನಮಗೆಲ್ಲ ಕುತ್ತಿಗೆ ನೋವು ಖಂಡಿತ.

ನಾನೋ ಕಾರ್ಕಳದಲ್ಲಿ ಕಾನ್ವೆಂಟಿನಲ್ಲಿ ಓದಿದವಳು. ಒಂಬತ್ತು ಗ್ರಹಗಳ ಹೆಸರನ್ನು ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ಒಪ್ಪಿಸಿ ಸಿಸ್ಟರ್ ಕೈಯಿಂದ ಹೋಲಿ ಪಿಕ್ಚರ್ ಎಂಬ ದೇವರ ಚಿತ್ರ ಬಹುಮಾನ ಪಡೆದವಳು. ಆದರೆ ಆಕಾಶದಲ್ಲಿ ಅವುಗಳಲ್ಲಿ ಒಂದನ್ನಾದರೂ ತೋರಿಸು ಎಂದಿದ್ದರೆ ಆ ಚಿತ್ರ ವಾಪಸು ಕೊಡಬೇಕಿತ್ತು. ಗುರು ಯಾವುದು, ಶನಿ ಯಾವುದು ಎಂದು ಮದುವೆಯಾದ ಮೇಲೆ ತೋರಿಸಿಕೊಟ್ಟದ್ದು ಅತ್ತೆಯೇ. ಹಾಗೆಂದು ಅವರು ತೋರಿಸಿದ್ದೆಲ್ಲ ಸರಿ ಎಂದೇನೂ ಇಲ್ಲ! ಒಮ್ಮೆ ಬುಧ ಗ್ರಹ ಕಾಣುತ್ತದೆ, ಅದು ಸಿಗುವುದೇ ಅಪರೂಪ ಎಂದು ಮನೆಗೆ ಬಂದಿದ್ದ ನೆಂಟರನ್ನೆಲ್ಲ ಸೂರ್ಯ ಮುಳುಗುವ ಹೊತ್ತಿಗೆ ಕಡಲ ದಂಡೆಯ ದೀಪಸ್ತಂಭದ ಬುಡಕ್ಕೆ ಹೊರಡಿಸಿದರು. ಕಡಲಿನ ಅಂಚಿನಲ್ಲಿ ಒಂದು ಚುಕ್ಕೆ ಮಿಣಮಿಣ ಹೊಳೆಯಿತು. “ನೋಡಿ, ಅದೇ ಬುಧ!” ನೆಂಟರು ಕೈ ಮುಗಿದರು. ಒಬ್ಬರು ಕಣ್ಣಿಗೆ ಒತ್ತಿಕೊಂಡರು. ಅಷ್ಟರಲ್ಲಿ ಬುಧ ಡುಗುಡುಗು ಸದ್ದು ಮಾಡಿ ಮಲ್ಪೆಯ ಕಡೆಗೆ ತಿರುಗಿಬಿಡುವುದೇ! ಮೀನಿನ ಬೋಟು. ಅತ್ತೆ ಸ್ವಲ್ಪವೂ ಅಳುಕದೆ, “ಬುಧ ಅದರ ಹಿಂದೆ ಉಂಟು” ಎಂದರು.

ಇಂಥ ಹುಚ್ಚು ಎಲ್ಲಿಂದ ಬಂತು ಎಂದು ಕೇಳುವವರಿಗೆ ಅವರು ಹೇಳುವುದು ಒಂದೇ ಕತೆ. ಎಂಬತ್ತನೇ ಇಸವಿಯ ದೊಡ್ಡ ಸೂರ್ಯಗ್ರಹಣದ ಹೊತ್ತಿಗೆ ಅವರು ಕೊನೆಯ ಮಗುವಿನ ಬಸುರಿ. ಮನೆಯವರು ಅವರನ್ನು ಕೋಣೆಯಲ್ಲಿ ಮಲಗಿಸಿ ಬಾಗಿಲು ಹಾಕಿ, ಕಿಟಕಿಯ ಸಂದಿಗೆಲ್ಲ ಹಳೆ ಬಟ್ಟೆ ತುರುಕಿದ್ದರು. ಒಡೆದ ಹೆಂಚಿನ ತೂತನ್ನು ಮಾತ್ರ ಮರೆತರು. ಅಲ್ಲಿಂದ ಬಿದ್ದ ದುಂಡಗಿನ ಬಿಸಿಲು ನೋಡನೋಡುತ್ತ ಬಿದಿಗೆಯ ಚಂದ್ರನ ಹಾಗೆ ಸಪೂರ ಆಯಿತಂತೆ, ಇವರ ಸೀರೆಯ ಮೇಲೆ, ಸರಿಯಾಗಿ ಹೊಟ್ಟೆಯ ಮೇಲೆ! “ನಾನು ಹೆದರಬೇಕಿತ್ತು. ಹೆದರಿಕೆಯೇ ಆಗಲಿಲ್ಲ ಮಾರಾಯ್ತಿ. ಹೊರಗೆ ಇದರ ಪೂರ್ತಿ ಉಂಟಲ್ಲ, ನನಗೆ ತೋರಿಸುವವರಿಲ್ಲವಲ್ಲ ಎಂದು ಅಳು ಬಂತು” ಎನ್ನುತ್ತಾರೆ.

ಅದಕ್ಕೇ ಈ ಶುಕ್ರನನ್ನು ಬಿಡುವ ಹಾಗಿರಲಿಲ್ಲ. ಇನ್ನೂ ಒಂದು ಕಾರಣ ಇತ್ತು. ಹಿಂದಿನ ವರ್ಷ ಅತ್ತೆಗೆ ಎದೆನೋವು ಬಂದು ಆಸ್ಪತ್ರೆಗೆ ಸೇರಿಸಿದ್ದೆವು. ಪ್ರಾಯದ ಡಾಕ್ಟರು ಗಂಭೀರವಾಗಿ ಏನೇನೋ ವಿವರಿಸಿದ ಮೇಲೆ ಅತ್ತೆ ಕೇಳಿದ್ದು ಒಂದೇ ಪ್ರಶ್ನೆ: “ಡಾಕ್ಟ್ರೇ, ಬರುವ ಜೂನಿನಲ್ಲಿ ಶುಕ್ರ ಉಂಟು. ಅಲ್ಲಿವರೆಗೆ ಹೇಗಾದರೂ ಓಡಿಸಬಹುದಾ?” ಅವರು ಶುಕ್ರ ಎಂದರೆ ಯಾರೋ ಮೊಮ್ಮಗನ ಹೆಸರು ಎಂದುಕೊಂಡಿರಬೇಕು, “ಖಂಡಿತ ಅಮ್ಮ, ಎತ್ತಿ ಆಡಿಸುವಿರಂತೆ” ಎಂದರು!

ಹನ್ನೊಂದು ಗಂಟೆಗೆ ಶುಕ್ರ ಅಲ್ಲಿ ಸೂರ್ಯನ ಹೊಸ್ತಿಲು ದಾಟುವಾಗ ಇಲ್ಲಿ ಧೋ ಎಂದು ಮಳೆ. ಅತ್ತೆ ಪಡುವಣ ಜಗಲಿಯ ಕಂಬಕ್ಕೆ ಬೈನಾಕ್ಯುಲರನ್ನು ಸೆಣಬಿನ ಹಗ್ಗದಿಂದ ಕಟ್ಟಿ, ಅದರ ಒಂದು ಕಣ್ಣಿಗೆ ಎಣ್ಣೆ ಬಾಟಲಿಯ ಮುಚ್ಚಳ ಸಿಕ್ಕಿಸಿದ್ದರು. ಸೂರ್ಯನನ್ನು ಅದರಲ್ಲಿ ನೇರ ನೋಡಿದರೆ ಕಣ್ಣು ಹೋಗುತ್ತದೆ. ಆದ್ದರಿಂದ ಇನ್ನೊಂದು ಕಣ್ಣಿನಿಂದ ಇಳಿದ ಬಿಸಿಲನ್ನು ಬಿಳಿ ಬಟ್ಟೆಯ ಮೇಲೆ ಹಿಡಿಯುವುದು. ಬಟ್ಟೆ ಎಂದರೆ ನನ್ನ ಗಂಡ ಮದುವೆಗೆ ಉಟ್ಟಿದ್ದ ಜರಿಯಂಚಿನ ಮುಂಡು. ಅವರನ್ನು ಕೇಳಿದ್ದರಾ? ಇಲ್ಲ!

ಪಕ್ಕದ ಮನೆಯ ಗಿರಿಜಕ್ಕ ಕೊಡೆ ಹಿಡಿದು ಬಂದರು. “ಅಕ್ಕ, ಇವತ್ತು ಅನ್ನ ಇಡಬಹುದಾ? ಉಪ್ಪಿನಕಾಯಿಗೆ ತುಳಸಿ ಹಾಕಬೇಕಾ?”

“ಗ್ರಹಣ ಅಲ್ಲ ಗಿರಿಜ. ಅನ್ನವೂ ಇಡು, ಬಂಗುಡೆ ಮೀನೂ ಕಾಯಿಸು.”

“ಆದರೂ ಹಾಕಿದ್ದೇನೆ. ಇರಲಿ, ತುಳಸಿಯಿಂದ ಯಾರಿಗೂ ನಷ್ಟ ಇಲ್ಲ.”

ಗಿರಿಜಕ್ಕ ಕೆಟ್ಟವರಲ್ಲ. ಮುಂಜಾಗ್ರತೆಯವರು. ನನ್ನ ಮದುವೆ ನಿಶ್ಚಯವಾದಾಗಲೂ ಅತ್ತೆಗೆ ಹೀಗೇ ಮುಂಜಾಗ್ರತೆ ಹೇಳಿದ್ದು ಅವರೇ. ನನ್ನದು ಆಶ್ಲೇಷಾ ನಕ್ಷತ್ರ. ಆಶ್ಲೇಷಾದ ಸೊಸೆ ಬಂದರೆ ಅತ್ತೆ ಬಾಳುವುದಿಲ್ಲ ಎಂದು ಮಾತುಂಟಲ್ಲ? ಆ ಮಾತಿನಿಂದಾಗಿ ಕೂಡಿಬಂದ ಸಂಬಂಧಗಳೆಲ್ಲ ಜಾತಕ ತೆರೆದೊಡನೆ ಎದ್ದು ಹೋಗುತ್ತಿದ್ದವು. ಬಂದವರ ಮುಂದಿಟ್ಟ ಅಂಬಡೆಯ ತಟ್ಟೆಯನ್ನು ಅಮ್ಮ ಹಾಗೇ ಒಳಗೆ ತರುತ್ತಿದ್ದದ್ದು, ನನ್ನ ಮುಖ ನೋಡದೆ ಅದನ್ನು ಡಬ್ಬಿಗೆ ತುಂಬುತ್ತಿದ್ದದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಅತ್ತೆ ನಮ್ಮ ಮನೆಗೆ ಬಂದದ್ದು ತೊಂಬತ್ತೆಂಟರ ಬೇಸಿಗೆಯ ಒಂದು ಸಂಜೆ. ಅಪ್ಪ ಮೊದಲೇ ತಲೆ ತಗ್ಗಿಸಿ, “ಹುಡುಗಿಯದು ಆಶ್ಲೇಷಾ” ಎಂದರು. ಅತ್ತೆಗೆ ಎಷ್ಟು ಖುಷಿಯಾಯಿತು ಗೊತ್ತೇ!

“ಆಶ್ಲೇಷಾವಾ? ಈಗ ನೆತ್ತಿಯ ಮೇಲೆಯೇ ಉಂಟಲ್ಲ! ನೋಡಿದ್ದೀಯಾ?” ಎಂದು ನನ್ನ ಕೈ ಹಿಡಿದು ಅಂಗಳಕ್ಕೆ ಎಳೆದರು. ಕತ್ತಲಾಗುತ್ತಿತ್ತು. ತುಂಬ ಹೊತ್ತು ಹುಡುಕಿದ ಮೇಲೆ ಸಿಕ್ಕಿದ್ದು ಮಂಕಾದ ಐದಾರು ಚುಕ್ಕೆಗಳು, ಕೈಯಿಂದ ಜಾರಿದ ಮಲ್ಲಿಗೆ ಮೊಗ್ಗಿನ ಹಾಗೆ. ಅತ್ತೆ ಸೊಂಟಕ್ಕೆ ಕೈ ಇಟ್ಟು ನಕ್ಕರು. “ಇದಾ ನನ್ನನ್ನು ಕೊಲ್ಲುವುದು? ಪಾಪ, ಅದಕ್ಕೇ ಬ್ಯಾಟರಿ ಇಲ್ಲ!” ಮತ್ತೆ ಒಳಗೆ ಬಂದು ತಟ್ಟೆಯಲ್ಲಿದ್ದ ಅಂಬಡೆ ಪೂರ್ತಿ ತಿಂದರು.

ಎದೆನೋವಿನ ದಿನ ಆಸ್ಪತ್ರೆಗೆ ಎಳನೀರು ತಂದ ಗಿರಿಜಕ್ಕ ನನ್ನನ್ನೊಮ್ಮೆ ನೋಡಿದರು. ನಾನು ಆ ವಾರವಿಡೀ, ಇಂಗ್ಲಿಷಿನಲ್ಲಿ ಒಂಬತ್ತು ಗ್ರಹ ಒಪ್ಪಿಸಿದ್ದ ನಾನು, ಆ ಐದಾರು ಮಂಕು ಚುಕ್ಕೆಗಳಿಗೆ ಹೆದರಿ ಊಟ ಬಿಟ್ಟಿದ್ದೆ.

ಮಧ್ಯಾಹ್ನದ ಊಟ ಆಯಿತು. ಪಾತ್ರೆ ತೊಳೆದದ್ದೂ ಆಯಿತು. ಮಳೆ ನಿಂತರೂ ಮೋಡ ಹರಿಯಲಿಲ್ಲ. ಅತ್ತೆ ಜಗಲಿಯ ಮೆಟ್ಟಿಲಲ್ಲಿ ಸುಮ್ಮನೆ ಕುಳಿತಿದ್ದರು, ಮಾತ್ರೆಯನ್ನೂ ಕೈಯಲ್ಲೇ ಹಿಡಿದುಕೊಂಡು. ಬಯ್ಯುತ್ತಿದ್ದರೆ ನನಗೆ ಸಮಾಧಾನ ಇರುತ್ತಿತ್ತು.

ಚಹಾಕ್ಕೆ ನೀರಿಡುವ ಹೊತ್ತಿಗೆ ಒಮ್ಮೆಲೇ ಅಂಗಳದ ತೆಂಗಿನ ನೆರಳು ಎದ್ದಿತು. “ಬಿಸಿಲು! ಮುಂಡು! ಗಿರಿಜಾ, ಓಡಿ ಬಾ!” ನಾನೊಂದು ಕಡೆ, ಗಿರಿಜಕ್ಕ ಇನ್ನೊಂದು ಕಡೆ, ಸೀರೆ ಮಡಚುವವರ ಹಾಗೆ ಮುಂಡು ಎಳೆದು ಹಿಡಿದೆವು. ಅತ್ತೆ ಬೈನಾಕ್ಯುಲರನ್ನು ಆಚೀಚೆ ತಿರುಗಿಸಿದರು. ಪೂರಿಯಷ್ಟಗಲದ ಬೆಳಕಿನ ಬಿಲ್ಲೆ ಮುಂಡಿನ ಮೇಲೆ ಬಂದು ಕುಳಿತಿತು. ಅದರ ಅಂಚಿನ ಹತ್ತಿರ ಎಳ್ಳಿನಷ್ಟು ದೊಡ್ಡ ಕಪ್ಪು ಚುಕ್ಕೆ.

“ಅಯ್ಯೋ, ಬೂಷ್ಟು!” ಎಂದರು ಗಿರಿಜಕ್ಕ. “ಮಳೆಗಾಲ ಈಗಷ್ಟೇ ಸುರು ಆದದ್ದು, ಆಗಲೇ ಮುಂಡಿಗೆ ಬೂಷ್ಟು ಬಂತಾ?”

ಹೀಗೆನ್ನದೆ ಇನ್ನೇನೆಂದಾರು? ಮಳೆಗಾಲದಲ್ಲಿ ಬಿಳಿ ಬಟ್ಟೆಗೆ ಕಪ್ಪು ಚುಕ್ಕೆ ಬಿದ್ದರೆ ನಮ್ಮ ಕರಾವಳಿಯ ಹೆಂಗಸರಿಗೆ ಅದು ಬೂಷ್ಟಲ್ಲದೆ ಬೇರೆ ಆಗಲು ಸಾಧ್ಯವೇ? ಅತ್ತೆಯೂ ಬಗ್ಗಿ ನೋಡಿ ಸೆರಗಿನ ತುದಿಯನ್ನು ಒದ್ದೆ ಮಾಡಿ ಅದನ್ನು ಗಸಗಸ ಉಜ್ಜಿದರು! “ಹೋಗುವುದಿಲ್ಲ ಇದು. ನಿನಗೆ ಒಣಗಿಸಿ ಇಡಲಿಕ್ಕೆ ಆಗಲಿಲ್ಲವಾ? ಬೇರೆ ಮುಂಡು ತಾ, ಬೇಗ, ಮೋಡ ಬರ್ತದೆ!” ಗಿರಿಜಕ್ಕ ಆಗಲೇ ತಮ್ಮ ತುದಿ ಮಡಚತೊಡಗಿದ್ದರು.

ಕಾನ್ವೆಂಟಿನಲ್ಲಿ ಕಸೂತಿ ಹೇಳಿಕೊಟ್ಟ ಸಿಸ್ಟರಿಗೆ ನಾನು ಋಣಿ. ನೂಲು ಒಂದೆಳೆ ಸರಿದರೂ ಕಾಣಬೇಕು ಎನ್ನುತ್ತಿದ್ದರು. ಗಿರಿಜಕ್ಕ ಎಳೆದಾಗ ಮುಂಡು ಸರಿಯಿತು, ಜರಿಯ ಅಂಚು ಸರಿಯಿತು. ಚುಕ್ಕೆ ಸರಿಯಲಿಲ್ಲ.

“ಅತ್ತೆ, ನಿಲ್ಲಿ” ಎಂದೆ. “ಬಟ್ಟೆ ಹೋದರೂ ಚುಕ್ಕೆ ಅಲ್ಲೇ ಉಂಟು.”

ಅತ್ತೆ ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ಮುಂಡಿನ ಮುಂದೆ ಮೆಲ್ಲನೆ ಮೊಣಕಾಲೂರಿದರು. ದುಂಡಗೆ, ಕಪ್ಪಗೆ, ಯಾರ ಗೊಡವೆಯೂ ಇಲ್ಲದೆ ಶುಕ್ರ ತನ್ನ ಪಾಡಿಗೆ ಸೂರ್ಯನ ಮೇಲೆ ನಡೆಯುತ್ತಿತ್ತು. ಸೆರಗಿನಲ್ಲಿ ಉಜ್ಜಿಸಿಕೊಂಡ ಬೇಸರವೂ ಅದಕ್ಕಿರಲಿಲ್ಲ. ಅತ್ತೆ ನನ್ನ ಕೈಯಿಂದ ಮುಂಡಿನ ತುದಿ ತೆಗೆದುಕೊಂಡು, “ನಾನು ಹಿಡಿಯುತ್ತೇನೆ, ನೀನು ಈ ಕಡೆ ಬಂದು ಸರಿಯಾಗಿ ನೋಡು” ಎಂದರು. ತನಗೆ ತೋರಿಸುವವರಿರಲಿಲ್ಲ ಎಂದು ಅತ್ತಿದ್ದ ಹೆಂಗಸು! ನನಗೆ ಚುಕ್ಕೆ ಮಸುಕಾಯಿತು. ಮೋಡ ಬಂದದ್ದು ಆಮೇಲೆ.

ಸಂಜೆ ದೀಪ ಹಚ್ಚುವಾಗ ಮತ್ತೆ ಮಳೆ. ಗಿರಿಜಕ್ಕ ಕರಿಬೇವಿನ ಸೊಪ್ಪಿಗೆ ಬಂದವರು, ಒಗೆದು ಜಗಲಿಯ ಹಗ್ಗದಲ್ಲಿ ಹಾಕಿದ್ದ ಮುಂಡನ್ನು ಬೆರಳಲ್ಲಿ ಮುಟ್ಟಿ ನೋಡಿದರು. ಅತ್ತೆ ಒಳಗಿನಿಂದ, “ಇನ್ನು ಎಂಟು ವರ್ಷ ಬಿಟ್ಟು ಇನ್ನೊಮ್ಮೆ ಬರ್ತದೆ ಗಿರಿಜ, ಅದೂ ಜೂನಿನಲ್ಲೇ” ಎಂದು ಕೂಗಿದರು.

“ಬರಲಿ, ಬರಲಿ” ಎಂದರು ಗಿರಿಜಕ್ಕ, ಕೊಡೆ ಬಿಡಿಸುತ್ತ. “ಆಗ ನನ್ನನ್ನು ಕರೆಯಬೇಡಿ, ನನಗೆ ಕೈ ನೋಯ್ತದೆ. ಅತ್ತೆ ಸೊಸೆ ನೀವಿಬ್ಬರೇ ಹಿಡ್ಕೊಳ್ಳಿ.”