ದೊಡ್ಡಮ್ಮನ ಹಾಡಿನ ಡಿಸ್ಕು ಬರೆಯಲೊಲ್ಲೆ ಎಂದಾಗ

ಕರೆಂಟು ಹೋಗಿ ಬಂದು ಡಿಸ್ಕು ಸುಟ್ಟಿರಬಹುದು. ಇಲಿ ವೈರು ಕಡಿದಿರಬಹುದು. ಇರುವೆ ಒಳಹೊಕ್ಕು ಸಂಸಾರ ಹೂಡಿರಬಹುದು. ಕಾಫಿ ಚೆಲ್ಲಿದಾಗ ಒಂದು ಹನಿ ನನ್ನ ಕಣ್ಣು ತಪ್ಪಿಸಿ ಇಳಿದಿರಬಹುದು. ವೈರಸ್ಸು ಬಂದಿರಬಹುದು. ಸುಮ್ಮನೆ ವಯಸ್ಸಾಗಿರಬಹುದು, ಐವತ್ತೆರಡಕ್ಕೇ ನನಗೆ ಮಕ್ಕಳ ಹೆಸರು ಮರೆಯುತ್ತಿರುವಾಗ ಅದನ್ನು ಬೈದು ಫಲವೇನು? ‘ಬರೆಯಲಾಗುತ್ತಿಲ್ಲ’ ಎಂಬ ಒಂದು ಸಾಲು ಪರದೆಯ ಮೇಲೆ ಕಂಡ ಐದು ನಿಮಿಷದಲ್ಲಿ ಇಷ್ಟನ್ನೂ ಕಲ್ಪಿಸಿಕೊಂಡಿದ್ದೆ. ಚಿಂತೆ ಮಾಡುವುದರಲ್ಲಿ ನನ್ನ ವೇಗಕ್ಕೆ ಯಾವ ಕಂಪ್ಯೂಟರೂ ಸಾಟಿಯಲ್ಲ.

ಈ ಸಲ ಕಾರಣವೂ ಇತ್ತು. ಆ ಡಿಸ್ಕಿನಲ್ಲಿ ನೊಣವಿನಕೆರೆಯ ನನ್ನ ದೊಡ್ಡಮ್ಮ ಹಾಡಿದ ಸೋಬಾನೆ ಪದಗಳಿದ್ದವು. ಗಂಟಲಿನ ಆಪರೇಷನ್ ಆದಮೇಲೆ ಅವಳದು ಬರೀ ಪಿಸುದನಿ. ಹಾಡು ಇನ್ನು ಆ ಡಿಸ್ಕಿನಲ್ಲಿ ಮಾತ್ರ. ಇನ್ನೊಂದು ಪ್ರತಿ ಯಾಕೆ ಮಾಡಿಡಲಿಲ್ಲ ಎಂದು ನೀವು ಕೇಳುತ್ತೀರಿ. ಪ್ರತಿ ಮಾಡಲು ಹೋಗಿ ಮೂಲವೇ ಕೆಟ್ಟರೆ ಎಂಬ ಚಿಂತೆಯಿಂದಲೇ ಮಾಡಿರಲಿಲ್ಲ. ಫೋನಿನಲ್ಲಿ ವಿಷಯ ಹೇಳಿದರೆ ದೊಡ್ಡಮ್ಮ, “ಹೋದ್ರೆ ಹೋಗ್ಲಿ ಬುಡು ಕಣಪ್ಪ. ನಾನು ಹಾಡಿದ್ದು ಮದುಮಕ್ಕಳಿಗೆ, ನಿನ್ನ ಡಬ್ಬಕ್ಕಲ್ಲ” ಎಂದು ಪಿಸುಗುಟ್ಟಿದಳು. ಆಮೇಲೆ, “ಆದ್ರೂ ಒಂದ್ಸಲ ನೋಡು” ಎಂದಳು. ಆ ‘ಆದ್ರೂ’ ನನ್ನನ್ನು ಹೊನ್ನವಳ್ಳಿಯಿಂದ ತಿಪಟೂರಿನ ಬಸ್ಸು ಹತ್ತಿಸಿತು. ಡಿಸ್ಕನ್ನು ಹಸುಗೂಸಿನಂತೆ ಮಡಿಲಲ್ಲಿಟ್ಟುಕೊಂಡಿದ್ದೆ.

ಕಂಪ್ಯೂಟರ್ ರಿಪೇರಿಯ ನಯಾಜ್ ನನ್ನ ಹಳೆಯ ಶಿಷ್ಯ. ನನ್ನ ವರದಿಯನ್ನೆಲ್ಲ, ಇರುವೆಯವರೆಗೆ, ತಾಳ್ಮೆಯಿಂದ ಕೇಳಿ, “ಓದಿ ನೋಡಿದ್ರಾ ಸಾರ್?” ಎಂದ. “ಬರೆಯೋಕೆ ಆಗಲ್ಲ ಅಂದಿದೆ. ಓದೋಕೆ ಆಗಲ್ಲ ಅಂದಿಲ್ವಲ್ಲ.” ತನ್ನದೇ ಕೇಬಲ್ ಹಾಕಿ ಒತ್ತಿದ. ದೊಡ್ಡಮ್ಮನ ತುಂಬುಗಂಟಲು ಅಂಗಡಿಯಲ್ಲೆಲ್ಲ ಹರಿಯಿತು. ಪಕ್ಕದ ದರ್ಜಿಯ ಮಿಷನ್ನು ನಿಂತಿತು. ನಾನು ಕನ್ನಡಕ ಒರೆಸುವ ನೆಪದಲ್ಲಿ ತಲೆ ತಗ್ಗಿಸಿದೆ.

ಅವನು ಮೊದಲು ಎಲ್ಲವನ್ನೂ ಇನ್ನೊಂದು ಡಿಸ್ಕಿಗೆ ಪ್ರತಿ ಮಾಡಿದ. ಆಮೇಲೆ ನನ್ನ ಸಮಾಧಾನಕ್ಕೆ, ಡಿಸ್ಕಿನಲ್ಲಿ ಬರೆಯುವ-ಓದುವ ಕೆಲಸ ನೋಡಿಕೊಳ್ಳುವ ಕೋಡನ್ನೇ ಪರದೆಯ ಮೇಲೆ ತೆರೆದ. ಅದನ್ನು ಯಾರು ಬೇಕಾದರೂ ಓದಬಹುದಂತೆ. “ಇದು ಏನು ಬರೀತೀನಿ ಅಂತ ಮೊದಲೇ ಒಂದ್ಕಡೆ ಗುರುತು ಹಾಕ್ಕೊಳ್ಳುತ್ತೆ ಸಾರ್. ಮಧ್ಯದಲ್ಲಿ ಕರೆಂಟ್ ಹೋದ್ರೆ, ಬಂದಮೇಲೆ ಆ ಗುರುತು ನೋಡಿ ಕೆಲಸ ಸರಿಮಾಡ್ಕೊಳ್ಳುತ್ತೆ. ಆ ಗುರುತೇ ಹಾಕೋಕೆ ಆಗಲಿಲ್ಲ ಅನ್ನಿ, ಕೈಕಟ್ಟಿ ಕೂತ್ಕೊಳ್ಳುತ್ತೆ. ಇನ್ನು ಒಂದಕ್ಷರ ಬರೆಯಲ್ಲ, ಇರೋದನ್ನ ಓದ್ಕೊಳ್ಳಿ ಅಂತ.”

“ಅಷ್ಟು ಹಟ ಯಾಕಪ್ಪ?”

“ಕೈ ನಡುಗುವಾಗ ಬರೆದ್ರೆ ಇರೋದೂ ಹಾಳಾಗುತ್ತಲ್ಲ ಸಾರ್.”

ನಾನು ಬೆರಗಾಗಿ ನೋಡುತ್ತ ಕುಳಿತೆ. ಸಾಲಿನ ಮೇಲೆ ಸಾಲು, ಪ್ರತಿ ಸಾಲೂ ಒಂದು ‘ಒಂದು ವೇಳೆ’. ನಾವು ಮೇಷ್ಟ್ರುಗಳು ಪಾಠ ಮರೆತಾಗ ಸುಮ್ಮನಾಗುತ್ತೇವೆಯೇ? ಇನ್ನೂ ಜೋರಾಗಿ ತಪ್ಪು ಹೇಳುತ್ತೇವೆ. ಎಲ್ಲೋ ಕೂತು ಈ ಕೋಡು ಬರೆದ ಯಾರೋ, ನೊಣವಿನಕೆರೆಯ ಹೆಸರೇ ಕೇಳದವರು, ನನ್ನ ಹಾಗೆಯೇ ಆಗಬಾರದ್ದನ್ನೆಲ್ಲ ಯೋಚಿಸಿದ್ದಾರೆ. ನನ್ನ ಚಿಂತೆ ಹೊಟ್ಟೆಯಲ್ಲಿ ಹುಳಿಯಾಯಿತು. ಅವರದು ದೊಡ್ಡಮ್ಮನ ಹಾಡಿಗೆ ಕಾವಲಾಯಿತು. ಕಾಲಿಗೆ ಬೀಳೋಣವೆಂದರೆ ವಿಳಾಸವಿಲ್ಲ.

“ಹಾಗಾದ್ರೆ ಕೆಟ್ಟಿದ್ದೇನು?” ಎಂದೆ.

ನಯಾಜ್ ನನ್ನ ಕೇಬಲ್ಲಿನ ತುದಿಯನ್ನು ಬೆರಳಲ್ಲಿ ಆಡಿಸಿದ. “ಡಿಸ್ಕು ಗಟ್ಟಿಯಾಗಿದೆ. ಇದು ಸಡಿಲ ಆಗಿದೆ, ಅಷ್ಟೇ. ಅದಕ್ಕೇ ಗುರುತು ಹಾಕೋಕೆ ಆಗಿಲ್ಲ. ಮನೇಲಿ ಯಾರಾದ್ರೂ ಹಿಡ್ಕೊಂಡು ಅಲ್ಲಾಡಿಸ್ತಿದ್ರಾ?”

ನಮ್ಮ ಕಡೆ ಅಟ್ಟದಲ್ಲಿ ತಿಂಗಳುಗಟ್ಟಲೆ ಇಟ್ಟ ತೆಂಗಿನಕಾಯಿ ಒಳಗೇ ಒಣಗಿ ಕೊಬ್ಬರಿಯಾಯಿತೇ ಎಂದು ತಿಳಿಯಲು ಅದನ್ನು ಒಡೆಯುವುದಿಲ್ಲ. ಕಿವಿಯ ಬಳಿ ಹಿಡಿದು ಅಲ್ಲಾಡಿಸುತ್ತೇವೆ. ಕರಟ ಬಿಟ್ಟ ಕೊಬ್ಬರಿ ಗುಡುಗುಡು ಎಂದರೆ ಒಳಗಿನದು ಕ್ಷೇಮ. ಒಂದು ವರ್ಷದಿಂದ ದಿನಾ ಬೆಳಿಗ್ಗೆ ನಾನು ದೊಡ್ಡಮ್ಮನ ಹಾಡನ್ನೂ ಹಾಗೆಯೇ, ಕೇಬಲ್ ಸಮೇತ, ಪರೀಕ್ಷಿಸುತ್ತಿದ್ದೆ. ಸದ್ದು ಬರದಿದ್ದರೆ ಇನ್ನೂ ಸ್ವಲ್ಪ ಜೋರಾಗಿ.