ಜಪಾನಿನ ಬುಷ್ಷು

ಕಾರಿನ ಹಿಂಭಾಗದಿಂದ ‘ಕಿರ್ರ್’ ಎಂದು ಬರುತ್ತಿದ್ದ ಸದ್ದು ದಿನಕರರಾಯರಿಗೆ ಎಂದೂ ಕೇಳಿಸಿರಲಿಲ್ಲ. ಕಾರು ನಡೆಸುವಾಗ ಅವರು ಮಾತಾಡುತ್ತಲೇ ಇರುತ್ತಿದ್ದರು. ತಮ್ಮ ಮಾತಿನ ಮುಂದೆ ಬೇರೆ ಸದ್ದು ಅವರ ಕಿವಿಗೆ ಬೀಳುವುದು ಅಪರೂಪ. ಕೊನೆಗೆ ಆ ಸಂಗತಿಯನ್ನು ಅವರ ಕಿವಿಗೆ ಹಾಕಿದವರು ಹೆಡ್‌ಮಾಸ್ತರರು.

“ದಿನಕರರಾವ್, ಶನಿವಾರ ಸಾಹೇಬ್ರನ್ನ ಹುಬ್ಬಳ್ಳಿಯಿಂದ ಕರಕೊಂಡು ಬರಲಿಕ್ಕೆ ನಿಮ್ಮ ಕಾರು ಬ್ಯಾಡ್ರಿ. ಎಣ್ಣಿ ಕಾಣದ ಗಾಣಧಂಗ ಒದರ್ತದ. ಟ್ಯಾಕ್ಸಿ ಹೇಳೋಣು.”

ಕುಂದಗೋಳದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ರಾಯರಿಗೆ ಈ ಮಾತು ಕಾಲಿಗೆ ಜಾಲಿಮುಳ್ಳು ನಟ್ಟಂತಾಯಿತು. ಹೆಡ್‌ಮಾಸ್ತರರು ಬರುವ ವರ್ಷ ನಿವೃತ್ತರಾಗುವವರು. ಆ ಕುರ್ಚಿಯ ಮೇಲೆ ರಾಯರ ಕಣ್ಣು ಬಿದ್ದು ಬಹಳ ದಿನವಾಗಿತ್ತು. ಇಲಾಖೆಯ ದೊಡ್ಡ ಸಾಹೇಬರು ಹುಬ್ಬಳ್ಳಿಯಿಂದ ಕುಂದಗೋಳದವರೆಗೆ ತಮ್ಮ ಬಾಜೂಕ್ಕೆ ಕೂತು ಬಂದರೆ ದಾರಿಯಲ್ಲಿ ಏನೇನು ಹೇಳಬೇಕು ಎಂಬುದನ್ನು ಅವರು ಕನ್ನಡಿಯ ಮುಂದೆ ನಿಂತು ಎರಡು ಸಲ ಹೇಳಿಕೊಂಡಿದ್ದರು, ಅದೂ ಇಂಗ್ಲಿಷಿನಲ್ಲಿ.

“ಶನಿವಾರ ನನ್ನ ಗಾಡಿ ಸಪ್ಪಳ ಮಾಡಿದ್ರ ಹೇಳ್ರಿ” ಎಂದು ರಾಯರು ಎದ್ದು ಬಂದರು.

ಹುಬ್ಬಳ್ಳಿಯ ಡಾಕ್ಟರರೊಬ್ಬರು ಹನ್ನೆರಡು ವರ್ಷ ಓಡಿಸಿ ಬೇಸತ್ತು ಮಾರಿದ ಅಂಬಾಸಡರ್ ಅದು. ಸ್ಟೇಶನ್ ರಸ್ತೆಯಲ್ಲಿ ತಗಡಿನ ಶೆಡ್ಡು ಹಾಕಿಕೊಂಡು ಪಂಕ್ಚರು ತಿದ್ದುವ, ರಬ್ಬರಿನ ಸಣ್ಣಪುಟ್ಟ ಸಾಮಾನು ಮಾಡುವ ನಿಜಾಮಸಾಬ ಅದರ ಹೊಟ್ಟೆಯ ಕೆಳಗೆ ಹಣಿಕಿ ಹಾಕಿ, ಕೈ ಒರೆಸಿಕೊಳ್ಳುತ್ತ ಎದ್ದ.

“ಕಮಾನಪಟ್ಟಿ ಬುಷ್ಷ ಸವದಾವ್ರಿ ಸರ. ಕಬ್ಬಣಕ್ಕ ಕಬ್ಬಣ ತಿಕ್ಕಾಕತ್ತೈತಿ. ಎಂಟು ರಬ್ಬರ ಹಾಕಿದ್ರ ಗಪ್ಪ ಆಕ್ಕೈತಿ. ನಾನೇ ಮಾಡ್ತೀನ್ರಿ, ಕೂಡಿಸಿ ಕೊಡ್ತೀನಿ.”

ಹಿಂದಿನ ಗಾಲಿಗಳ ಮೇಲೆ ಕಾರಿನ ಭಾರ ಹೊರುವ ಉಕ್ಕಿನ ಪಟ್ಟಿಗಳಿರುತ್ತವಲ್ಲ, ಅವುಗಳ ತುದಿಯ ತೂತುಗಳಲ್ಲಿ ಬಿಗಿಯಾಗಿ ಕೂಡುವ ದಪ್ಪ ಬಳೆಯಂಥ ರಬ್ಬರುಗಳೇ ಈ ಬುಷ್ಷುಗಳು. ರಾಯರಿಗೂ ಇದು ಆಗಲೇ ಗೊತ್ತಾದದ್ದು. ಆದರೆ ಗೊತ್ತಿದ್ದವರಂತೆ ತಲೆಯಾಡಿಸಿದರು.

“ನೀ ಮಾಡಿದ್ದು ಚಪ್ಪಲಿಗೆ ಹಚ್ಚೋ ನಿಜಾಮ. ಇದು ಕಾರು. ಇದಕ್ಕ ಶಾಸ್ತ್ರೀಯವಾಗಿ ತಯಾರಾದ ಮಾಲು ಬೇಕು.”

ಮರುದಿನ ಶಾಲೆ ಬಿಟ್ಟೊಡನೆ ಹುಬ್ಬಳ್ಳಿಗೆ ಹೋಗಿ ಆ ಶಾಸ್ತ್ರೀಯ ಮಾಲು ತಂದರು. ಹಳದಿ ಬಣ್ಣದ ಡಬ್ಬಿ, ನಡುವೆ ಕೆಂಪು ಸೂರ್ಯ, ಸೂರ್ಯನ ಮೇಲೆ ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ ಜಪಾನ್. “ಇದಕ್ಕಿಂತ ಮ್ಯಾಲಿನ ಮಾಲು ನಮ್ಮಲ್ಲಿಲ್ರಿ” ಎಂದಿದ್ದ ಅಂಗಡಿಯ ಶೇಟಜಿ. ಅದು ನಿಜವೂ ಆಗಿತ್ತು.

ಶುಕ್ರವಾರ ರಾಯರು ರಜೆ ಹಾಕಿದರು. ಬುಷ್ಷುಗಳನ್ನು ತಾವೇ ಕೂಡಿಸುವುದೆಂದು ನಿಶ್ಚಯವಾಗಿತ್ತು. ಆದರೆ ಮೊದಲ ಒಂದು ತಾಸು ಡಬ್ಬಿ ತೋರಿಸುವುದರಲ್ಲೇ ಹೋಯಿತು. ಆಗಿನ್ನೂ ಆ ಓಣಿಗೆ ಟೀವಿ ಬಂದಿರಲಿಲ್ಲ. ಯಾರ ಮನೆಯ ಮುಂದೆ ಏನು ಬಿಚ್ಚಿದರೂ ಜನ ಕೂಡುತ್ತಿದ್ದರು. ಎದುರು ಮನೆಯ ಮಹಾದೇವಕ್ಕ ಕಟ್ಟೆಯ ಮೇಲೆ ಮೆಣಸಿನಕಾಯಿ ತುಂಬು ಬಿಡಿಸುತ್ತ ಕೂತಳು. ಬಾಜು ಮನೆಯ ಈರಬಸಪ್ಪ, ಓಣಿಗೊಂದೇ ಟ್ರ್ಯಾಕ್ಟರಿನ ಮಾಲೀಕ, ಹೆಗಲಿಗೆ ಟವೆಲ್ಲು ಹಾಕಿಕೊಂಡು ಬಂದು ನಿಂತ. ಸೈಕಲ್ಲಿನ ಮೇಲೆ ಹೊರಟಿದ್ದ ನಿಜಾಮಸಾಬನನ್ನು ರಾಯರು ತಾವಾಗಿಯೇ ಕೂಗಿ ಕರೆದರು.

“ನೋಡೋ, ಮಾಲು ಅಂದ್ರ ಹೀಂಗಿರಬೇಕು.”

ನಿಜಾಮಸಾಬ ಡಬ್ಬಿಯನ್ನು ತಿರುಗಿಸಿ ನೋಡಿದ. ಒಂದು ರಬ್ಬರು ತೆಗೆದು ಹೆಬ್ಬೆರಳಿನಿಂದ ಒತ್ತಿ ನೋಡಿದ.

“ಮಾಲು ಚಲೋ ಐತ್ರಿ. ಸಾಬಾಣದ ನೀರು ಹಚ್ಚಿ ಕೂಡಸ್ರಿ. ಎಣ್ಣಿ ಮಾತ್ರ ಮುಟ್ಟಸಬ್ಯಾಡ್ರಿ, ಉಬ್ಬತಾವು. ಬೇಕಾದ್ರ ನಾ ಅರ್ಧಾ ತಾಸು ನಿಂದರ್ತೀನಿ.”

“ಜಪಾನದವ್ರು ತಯಾರು ಮಾಡಿದ್ದಕ್ಕ ನಿನ್ನ ಸಲಹಾ ಬೇಕಾಗಿತ್ತೇನು? ನಡಿ, ನಡಿ.”

ನಿಜಾಮಸಾಬ ನಡೆದ.

ಕಾರಿನ ಹಿಂಭಾಗವನ್ನು ಜಾಕಿನಿಂದ ಎತ್ತಿ, ಕೆಳಗೆ ನಾಲ್ಕು ಕಲ್ಲು ಪೇರಿಸಿದಾಗ ಅದು ನೀರು ಕುಡಿಯಲು ಬಗ್ಗಿದ ಎಮ್ಮೆಯ ಹಾಗೆ ಓಣಿಗೆ ಅಡ್ಡ ನಿಂತಿತು. ನಿಜವಾದ ಎಮ್ಮೆ ಮಹಾದೇವಕ್ಕನ ಹಿತ್ತಿಲಲ್ಲಿತ್ತು. ಅದಕ್ಕೆ ಹೊರಗೆ ಹೋಗಲು ದಾರಿಯಿಲ್ಲದಂತಾಯಿತು.

“ಸರ, ನನ್ನ ಎಮ್ಮಿ ಹೊಂಡೂದು ಯಾವಾಗ?”

“ಒಂದು ತಾಸು ತಡೀರಿ ಮಹಾದೇವಕ್ಕ.”

ಹಳೆಯ ಬೋಲ್ಟುಗಳು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ರಾಯರು ಚಾಪೆ ಹಾಸಿಕೊಂಡು ಕಾರಿನ ಕೆಳಗೆ ಅಂಗಾತ ಮಲಗಿದರು. ಪಾನಾ ತಿರುಗಿಸಿದಷ್ಟೂ ಅವರ ಕನ್ನಡಕದ ಮೇಲೆ ಹನ್ನೆರಡು ವರ್ಷದ ಕೆಸರು ಉದುರಿತು. ಅರ್ಧ ತಾಸು ನೋಡಿದ ಈರಬಸಪ್ಪ, “ಸರ, ನೀವು ಪಾಠಾ ಹೇಳ್ರಿ, ಇದು ನಮ್ಮಂಥಾವ್ರ ಕೆಲಸ” ಎಂದು ಧೋತರ ಎತ್ತಿ ಕಟ್ಟಿ ಒಳನುಗ್ಗಿದ. ಬೋಲ್ಟುಗಳು ಬಂದವು. ಹಳೆಯ ರಬ್ಬರುಗಳು ಮಾತ್ರ ಬರಲಿಲ್ಲ. ಅವನ್ನು ಅವನು ಕುಡುಗೋಲಿನಿಂದ ಚೂರು ಚೂರಾಗಿ ಕೊಯ್ದು ತೆಗೆದು ಗಟಾರಕ್ಕೆ ಎಸೆದ. ಅಲ್ಲಿಗೆ ಕಾರು ಮುಂದಕ್ಕೂ ಹೋಗುವಂತಿರಲಿಲ್ಲ, ಹಿಂದಕ್ಕೂ ಬರುವಂತಿರಲಿಲ್ಲ.

ಹೊಸ ಬುಷ್ಷು ತೂತಿಗಿಂತ ಒಂದು ಕೂದಲಷ್ಟು ದಪ್ಪ. ಒತ್ತಿದರೆ ಜಾರಿ ಹೊರಬಂದಿತು. ಇನ್ನೊಮ್ಮೆ ಒತ್ತಿದಾಗ ಹಾರಿ ಮಹಾದೇವಕ್ಕನ ಮೆಣಸಿನಕಾಯಿಯೊಳಗೆ ಬಿತ್ತು.

“ಆ ಸಾಬ ಹೇಳಿದನಲ್ರಿ, ಸಾಬಾಣದ ನೀರು ಹಚ್ಚ್ರಿ” ಎಂದಳು ಅವಳು.

“ಸಾಬಾಣ ಹಚ್ಚಲಿಕ್ಕೆ ಇದೇನು ಎಮ್ಮಿ ಏನ್ರಿ?”

“ನಮ್ಮ ಎಮ್ಮಿ ನಿಮ್ಮ ಕಾರಿನಂಗ ಒದರೂದಿಲ್ಲ ಬಿಡ್ರಿ” ಎಂದು ಮಹಾದೇವಕ್ಕ ಮುಖ ತಿರುವಿದಳು.

ಈರಬಸಪ್ಪ ತನ್ನ ಜ್ಞಾನವನ್ನು ಹೊರತೆಗೆದ. “ನಮ್ಮ ಟ್ರ್ಯಾಕ್ಟರಿಗೆ ಏನಽ ಕೂಡಲಿಲ್ಲಂದ್ರೂ ಒಂದ ರಾತ್ರಿ ಡೀಸಲ್‌ನ್ಯಾಗ ಒಗದಬಿಡ್ತೇನಿ. ಬೆಣ್ಣಿಯಾಗತೈತಿ.”

ಒಕ್ಕಲುತನದವನ ಮಾತು ಕೇಳುವುದೆಂದರೆ ರಾಯರಿಗೆ ಅವಮಾನ. ನಿಜಾಮಸಾಬನ ಮಾತು ಕೇಳುವುದು ಅದಕ್ಕಿಂತ ದೊಡ್ಡ ಅವಮಾನ. ಎರಡನ್ನೂ ತೂಗಿ ನೋಡಿ, ಡೀಸಲ್ ಬೇಡ, ಅದಕ್ಕಿಂತ ಶುದ್ಧವಾದ, ದೀಪಕ್ಕೆ ಹಾಕುವ ಚಿಮಣಿ ಎಣ್ಣೆಯೇ ಶಾಸ್ತ್ರೀಯ ಎಂದು ತೀರ್ಮಾನಿಸಿದರು. ಘರ್ಷಣೆ ಎಂದರೇನು, ಅದನ್ನು ಎಣ್ಣೆ ಹೇಗೆ ಕಡಿಮೆ ಮಾಡುತ್ತದೆ ಎಂದು ಅಲ್ಲಿ ನಿಂತವರಿಗೆಲ್ಲ ಹತ್ತು ನಿಮಿಷ ವಿವರಿಸಿದರು. ಆಮೇಲೆ ಒಳಗಿನಿಂದ ಒಂದು ಪಾತೇಲಿ ತಂದು, ಎಂಟೂ ಬುಷ್ಷುಗಳನ್ನು ಅದರಲ್ಲಿ ಮುಳುಗಿಸಿ, ಉಂಡು ಸ್ವಲ್ಪ ಅಡ್ಡಾದರು.

ಅವರನ್ನು ಎಬ್ಬಿಸಿದ್ದು ಹೆಂಡತಿ ಮಥುರಾಬಾಯಿಯ ದನಿ.

“ಹುಳಿ ಮಾಡೋ ಪಾತೇಲಿ ಸಿಗಲಿಲ್ಲಂತ ಮನಿ ತುಂಬ ಹುಡುಕಿದೆ. ಇದರಾಗ ಏನು ವಡಿ ನೆನಿಹಾಕೀರೇನ್ರಿ?”

ರಾಯರು ಬಗ್ಗಿ ನೋಡಿದರು. ಜಪಾನಿನ ಬುಷ್ಷುಗಳು ಒಂದೊಂದೂ ಒಂದೂವರೆಯಾಗಿ, ಮೆತ್ತಗಾಗಿ, ಒಂದಕ್ಕೊಂದು ಅಂಟಿಕೊಂಡು ಕೂತಿದ್ದವು.

“ಇಷ್ಟಕ್ಕ ಹೆದರಬ್ಯಾಡ್ರಿ” ಎಂದು ಈರಬಸಪ್ಪ ಮನೆಯಿಂದ ಒನಕೆ ತಂದ. ಒಂದು ಬುಷ್ಷನ್ನು ತೂತಿನ ಬಾಯಿಗೆ ಇಟ್ಟು ಬೀಸಿ ಹೊಡೆದ. ಬುಷ್ಷು ಎರಡು ಹೋಳಾಯಿತು. ಪುಟಿದ ಒನಕೆ ಹೋಗಿ ಕಾರಿನ ಹಿಂದಿನ ಕೆಂಪು ದೀಪಕ್ಕೆ ಬಡಿಯಿತು. ದೀಪ ಎಷ್ಟು ಹೋಳಾಯಿತೆಂದು ಯಾರೂ ಎಣಿಸಲಿಲ್ಲ.

“ಇನ್ನ ಏಳು ಅದಾವಲ್ರಿ” ಎಂದ ಈರಬಸಪ್ಪ.

ರಾಯರು ಅವನ ಕೈಯಿಂದ ಒನಕೆ ಕಸಿದುಕೊಂಡರು. ಅಂಗಿ ಬದಲಿಸಿ, ಖಾಲಿ ಡಬ್ಬಿಯನ್ನು ಚೀಲದಲ್ಲಿ ಹಾಕಿಕೊಂಡು ಎರಡರ ಬಸ್ಸು ಹಿಡಿದರು. ಬೆನ್ನ ಹಿಂದೆ ಮಹಾದೇವಕ್ಕ, “ನನ್ನ ಎಮ್ಮಿ ಯಾವಾಗ ಹೊಂಡೂದ್ರಿ?” ಎನ್ನುತ್ತಿದ್ದಳು.

ಹುಬ್ಬಳ್ಳಿಯ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿದ್ದ ಅಂಗಡಿಯಲ್ಲಿ ಶೇಟಜಿ ಚಹಾ ಕುಡಿಯುತ್ತ ಕೂತಿದ್ದ. ರಾಯರು ಡಬ್ಬಿಯನ್ನು ಅವನ ಮುಂದೆ ಇಟ್ಟರು.

“ಇಂಥಾದ್ದು ಇನ್ನೊಂದು ಸೆಟ್ ಕೊಡ್ರಿ. ಅರ್ಜಂಟ್ ಅದ.”

“ಮುಗದಾವ್ರಿ. ನೀವು ಒಯ್ದದ್ದೇ ಕಡೀದು. ನಾಳೆ ಮುಂಜಾನೆ ಬರ್ತಾವು.”

“ನಾಳೆ?” ರಾಯರಿಗೆ ಅನುಮಾನ ಬಂತು. “ಜಪಾನದಿಂದ ನಾಳೆ ಹೆಂಗ ಬರ್ತಾವ್ರಿ?”

ಶೇಟಜಿ ಕಪ್ಪು ಕೆಳಗಿಟ್ಟು ಅವರನ್ನು ಮೇಲಿಂದ ಕೆಳಗೆ ನೋಡಿದ. ಓದಿದವರ ಹಾಗೆ ಕಾಣುತ್ತಾರೆ, ಆದರೂ ಹೀಗೆ ಕೇಳುತ್ತಾರಲ್ಲ ಎಂಬ ಕನಿಕರ ಅವನ ಮುಖದ ಮೇಲಿತ್ತು.

“ಜಪಾನದಿಂದ ಯಾಕ್ರಿ? ಬಸ್ಸಿನ್ಯಾಗ ಬರ್ತಾವು. ಕುಂದಗೋಳದಿಂದ.”

“ಮತ್ತ ಡಬ್ಬಿ ಮ್ಯಾಲ?”

ಶೇಟಜಿ ಡಬ್ಬಿಯನ್ನು ಅವರ ಕಡೆ ತಿರುಗಿಸಿ ಉಗುರಿನಿಂದ ತೋರಿಸಿದ. ದಪ್ಪ ಅಕ್ಷರದ ಜಪಾನಿನ ಕೆಳಗೆ, ಇರುವೆಯ ಕಾಲಿನಷ್ಟು ಸಣ್ಣಗೆ, ‘ಟೈಪ್’ ಎಂದಿತ್ತು.

“ಜಪಾನ್ ಟೈಪ್ ಅಂತ ಬರದೀವ್ರಿ. ಸುಳ್ಳೇನು ಬರದಿಲ್ಲ. ಕುಂದಗೋಳ ಸ್ಟೇಶನ್ ರಸ್ತಾದಾಗ ನಿಜಾಮಸಾಬ ಅಂತ ಇದ್ದಾನ, ಅಂವ ಮಾಡ್ತಾನ. ಅವನಂಥ ರಬ್ಬರು ಮಾಡಲಿಕ್ಕೆ ಈ ಜಿಲ್ಲಾದಾಗ ಯಾರಿಗೂ ಬರೂದಿಲ್ಲ. ಆದ್ರ ಅವನ ಹೆಸರು ಹಚ್ಚಿದ್ರ ಯಾರೂ ತಗೊಳ್ಳೂದಿಲ್ರಿ. ಜನಕ್ಕ ಬುದ್ಧಿ ಇಲ್ಲ.”

ಮಕ್ಕಳ ಉತ್ತರಪತ್ರಿಕೆಯಲ್ಲಿ ಒಂದು ಇಂಗ್ಲಿಷ್ ಅಕ್ಷರ ತಪ್ಪಿದರೂ ಅರ್ಧ ಅಂಕ ಕಡಿಯುತ್ತಿದ್ದ ದಿನಕರರಾಯರು ಆ ನಾಲ್ಕು ಅಕ್ಷರಗಳನ್ನು ಕನ್ನಡಕ ತೆಗೆದು ಒಮ್ಮೆ, ಹಾಕಿಕೊಂಡು ಒಮ್ಮೆ ಓದಿದರು. ಎರಡು ಸಲವೂ ‘ಟೈಪ್’ ಎಂದೇ ಇತ್ತು.

“ನಿಮ್ಮದು ಯಾವ ಊರ್ರಿ?” ಶೇಟಜಿ ಕೇಳಿದ.

ರಾಯರು ಬಹಳ ಸಣ್ಣ ದನಿಯಲ್ಲಿ ಊರಿನ ಹೆಸರು ಹೇಳಿದರು.

“ಅಗದಿ ಚಲೋ ಆತು ನೋಡ್ರಿ” ಎಂದ ಶೇಟಜಿ, ಒಳಗಿನಿಂದ ಮಡಚಿದ ಹಳದಿ ಡಬ್ಬಿಗಳ ಒಂದು ಗಂಟು, ಮೇಲೊಂದು ಚೀಟಿಗಳ ಕಟ್ಟು ತಂದು ಅವರ ತೋಳಿನ ಮೇಲೆ ಇಟ್ಟ. “ಇದನ್ನ ಅವನಿಗೆ ಮುಟ್ಟಿಸಿಬಿಡ್ರಿ. ಡಬ್ಬಿ ಇಲ್ಲಂತ ಮಾಲು ನಿಂತಾವು.”

ಕಂಡಕ್ಟರು ಆ ಗಂಟಿಗೆ ಬೇರೆ ಟಿಕೇಟು ಹರಿದ. ಕೂಡಲು ಜಾಗವಿರಲಿಲ್ಲ. ರಾಯರು ಊರು ಬರುವವರೆಗೆ ಅದನ್ನು ಎದೆಗೆ ಅವಚಿಕೊಂಡು ನಿಂತರು.

ಶೆಡ್ಡಿನಲ್ಲಿ ನಿಜಾಮಸಾಬ ಬಿಸಿ ಅಚ್ಚಿನಿಂದ ಕರಿ ಬುಷ್ಷುಗಳನ್ನು ಒಂದೊಂದಾಗಿ ಮೀಟಿ ತೆಗೆಯುತ್ತಿದ್ದ. ಗಂಟು ನೋಡಿ ಅವನಿಗೆ ಆಶ್ಚರ್ಯವೇನೂ ಆಗಲಿಲ್ಲ. ಇಸಿದುಕೊಂಡು ಮೂಲೆಯಲ್ಲಿಟ್ಟ.

“ಮುಂಜಾನೇನಽ ಯಾಕ ಹೇಳಲಿಲ್ಲೋ?” ಎಂದರು ರಾಯರು.

“ಹೇಳಿದ್ನೆಲ್ರಿ ಸರ, ಮಾಲು ಚಲೋ ಐತಿ ಅಂತ.”

ರಾಯರು ಚಿಮಣಿ ಎಣ್ಣೆಯ ಸಂಗತಿಯನ್ನು ಅರ್ಧ ನುಂಗಿ ಅರ್ಧ ಹೇಳಿದರು. ಇವತ್ತೇ ಕೂಡಿಸಿಕೊಡಬೇಕು, ನಾಳೆ ಸಾಹೇಬರು ಬರುತ್ತಾರೆ ಎಂದರು.

“ಕೂಡಸೂಣ್ರಿ. ಎಂಟು ರಬ್ಬರ ಎಷ್ಟೊತ್ತಿನ ಕೆಲಸ? ಆದ್ರ ಮೊದಲ ಅರವತ್ತು ಡಬ್ಬಿ ತುಂಬಿ ಬಸ್ಸಿಗೆ ಹಾಕಬೇಕು. ನಾ ಒಬ್ಬಾವ. ಚೀಟಿ ಹಚ್ಚಾಕ ಬರ್ತೀರೇನ್ರಿ? ಹ್ವಾದ ಸಲ ನಾನು ತೆಳಗ ಮ್ಯಾಲ ಹಚ್ಚಿ ಬೈಸಿಕೊಂಡೇನಿ. ನಿಮಗಾದ್ರ ಇಂಗ್ಲೀಷ ಬರತೈತಿ.”

ರಾಯರು ರಸ್ತೆಯ ಎರಡೂ ಕಡೆ ನೋಡಿದರು. ಪರಿಚಯದವರು ಯಾರೂ ಇರಲಿಲ್ಲ. ಗೋಣಿತಟ್ಟಿನ ಮೇಲೆ ಕೂತು, ಅಂಟಿನಲ್ಲಿ ಬೆರಳು ಅದ್ದಿ, ಸೂರ್ಯ ನಡುವೆ ಬರುವಂತೆ, ಅಕ್ಷರ ಸೊಟ್ಟಾಗದಂತೆ ಚೀಟಿ ಹಚ್ಚತೊಡಗಿದರು. ಹದಿನೈದು ಡಬ್ಬಿ ಆಗಿದ್ದವು. ಬಾಗಿಲಲ್ಲಿ ನೆರಳು ಬಿತ್ತು. ಈರಬಸಪ್ಪ ನಿಂತಿದ್ದ. ಅವನ ಹಿಂದೆ ಹೆಡ್‌ಮಾಸ್ತರರು.

“ನಾ ಹೇಳಲಿಲ್ಲೇನ್ರಿ, ಸರ ಇಲ್ಲೇ ಇರ್ತಾರ ಅಂತ” ಎಂದ ಈರಬಸಪ್ಪ. ಸಹಾಯ ಮಾಡಿದ ತೃಪ್ತಿ ಅವನ ಮುಖದಲ್ಲಿತ್ತು.

ಹೆಡ್‌ಮಾಸ್ತರರು ಗೋಣಿತಟ್ಟು, ಅಂಟು, ಹಳದಿ ಡಬ್ಬಿಗಳ ಸಾಲು, ರಾಯರ ಬೆರಳು, ಎಲ್ಲವನ್ನೂ ಸಾವಕಾಶವಾಗಿ ನೋಡಿದರು.

“ಗಡಬಡಿ ಮಾಡಬ್ಯಾಡ್ರಿ ದಿನಕರರಾವ್. ಮುಂಜಾನೆ ನಿಮ್ಮ ಗಾಡಿ ಕಲ್ಲಿನ ಮ್ಯಾಲ ನಿಂತದ್ದು ನೋಡೇ ನಾ ಟ್ಯಾಕ್ಸಿ ಹೇಳೀನಿ. ಸಾಹೇಬ್ರು ಅದರಾಗ ಬರ್ತಾರ. ನೀವು ನಿಮ್ಮ ಜೋಡುಧಂಧೆ ಮುಗಿಸ್ರಿ.”

ಅವರು ಹೋದ ಮೇಲೆ ರಾಯರು ಎದ್ದು ನಿಂತರು. ಇನ್ನು ಯಾವ ಸಾಹೇಬನಿಗಾಗಿ ಇಲ್ಲಿ ಕೂಡಬೇಕು? ಅಷ್ಟರಲ್ಲಿ ಬಾಗಿಲಲ್ಲೇ ಉಳಿದಿದ್ದ ಈರಬಸಪ್ಪ, “ಸರ, ಮಹಾದೇವಕ್ಕ ಕಾಯಾಕತ್ತ್ಯಾಳ. ಆ ಗಾಡಿ ಇವತ್ತ ಸರೀಲಿಲ್ಲಂದ್ರ ಎಮ್ಮೀನ ನಿಮ್ಮ ಪಡಸಾಲ್ಯಾಗ ಕಟ್ಟತಾಳಂತ” ಎಂದ.

ರಾಯರು ಮತ್ತೆ ಕೂತರು.

ನಿಜಾಮಸಾಬ ಅಚ್ಚಿನಿಂದ ತಲೆ ಎತ್ತಲಿಲ್ಲ. “ಸ್ವಲ್ಪ ಲಗೂನ ಕೈ ಆಡಸ್ರಿ ಸರ” ಎಂದ. “ಜಪಾನದ ಮಾಲು ಏಳೂವರಿ ಬಸ್ಸಿಗೆ ಹೋಗಬೇಕು.”