ಕೌದಿಯ ನಾಲ್ಕನೆಯ ಮೂಲೆ

ಸೊಟ್ಟಗಿರುವುದನ್ನು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಪರರ ಮನೆಗೆ ಹೋದರೂ ಗೋಡೆಯ ಕ್ಯಾಲೆಂಡರ್ ನೆಟ್ಟಗೆ ಮಾಡಿಯೇ ಕೂರುವ ಆಸಾಮಿ ನಾನು. ಅಂಥವನು ಎಂಬತ್ತರ ದಶಕದಲ್ಲಿ ರಾಯಚೂರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳುತ್ತ, ಸಂಶೋಧನೆಗೆ ಸಮಮಿತಿಯನ್ನೇ ಹಿಡಿದದ್ದು ಆಶ್ಚರ್ಯವಲ್ಲ. ಅತಿ ಸರಳವಾದ ಕ್ವಾಂಟಮ್ ವ್ಯವಸ್ಥೆಯ ಸ್ಥಿತಿಗಳನ್ನೆಲ್ಲ ಒಂದು ಚೆಂಡಾಗಿ ಚಿತ್ರಿಸಬಹುದು. ಅದರ ಮೈಮೇಲೆ ಒಂದಕ್ಕೊಂದು ಸಮದೂರದಲ್ಲಿ ನಾಲ್ಕು ಚುಕ್ಕೆ ಇಟ್ಟು, ಚುಕ್ಕೆಯ ಜಾಗಕ್ಕೆ ಚುಕ್ಕೆ ಬರುವಂತೆ ತಿರುಗಿಸಿದರೆ, ತಿರುಗಿಸಿದ್ದೇ ಗೊತ್ತಾಗುವುದಿಲ್ಲ; ಅದೇ ಸಮಮಿತಿ. ಇದನ್ನು ವಿವರಿಸಿದಾಗ ಹೆಂಡತಿ ಶಾಂತಾ, ಗೊತ್ತೇ ಆಗದಿದ್ದರೆ ತಿರುಗಿಸುವುದ್ಯಾಕೆ ಎಂದು ಕೇಳಿದ್ದಳು. ಉತ್ತರ ಇನ್ನೂ ಹುಡುಕುತ್ತಿದ್ದೇನೆ.

ಅವಳ ತಂದೆ ತೀರಿಕೊಂಡ ವರ್ಷ ದೇವದುರ್ಗದಿಂದ ಅತ್ತೆ ಹೊದೆಯಲು ಒಂದು ಕೌದಿ ಹೊಲಿದು ಕಳಿಸಿದರು. ನಡುವೆಲ್ಲ ಹಳೆ ಸೀರೆಗಳ ತುಂಡು, ನಾಲ್ಕು ಮೂಲೆಗೆ ನಾಲ್ಕು ಬಿಳಿ ತ್ರಿಕೋನ. ಮೂರು ಸರಿಯಾಗಿದ್ದವು, ನಾಲ್ಕನೆಯದು ಹೊರಳಿ ಕೂತಿತ್ತು. ಪಾಪ, ಅತ್ತೆಯ ಕಣ್ಣು ಮಂಜಾಗಿರಬೇಕು ಎಂದುಕೊಂಡೆ. ಶಾಂತಾ ಸಂತೆಗೆ ಹೋದ ಒಂದು ಮಧ್ಯಾಹ್ನ ಅದನ್ನು ಬಿಚ್ಚಿ, ಉಳಿದವುಗಳಂತೆ ಇಟ್ಟು ಹೊಲಿದೆ. ಮಾನ್ವಿಯ ನಮ್ಮ ಮನೆತನದಲ್ಲಿ ಸೂಜಿ ಹಿಡಿದ ಮೊದಲ ಗಂಡಸು ನಾನೇ ಎಂದು ಬೀಗಿದೆ ಕೂಡ.

ಶಾಂತಾ ಬಂದವಳು ಕೌದಿ ಕೊಡವಿ ಮಡಚಲು ಹೋಗಿ ನಿಂತಳು. ಅತ್ತ ತಿರುಗಿಸಿದಳು, ಇತ್ತ ತಿರುಗಿಸಿದಳು. ತಲೆ ಕಡೆ ಯಾವುದು ಎಂದು ಕೇಳಿದಳು. ಕಾಲಿಗೆ ತಾಗಿದ ಕಡೆ ಮುಖಕ್ಕೆ ಬರಬಾರದೆಂದು ಅವರ ಮನೆಯಲ್ಲಿ ತಲೆ ಕಡೆಯ ಒಂದು ಮೂಲೆಯನ್ನು ಬೇಕೆಂದೇ ಹೊರಳಿಸಿ ಹೊಲಿಯುತ್ತಾರಂತೆ. ಅಷ್ಟೇ ಆಗಿದ್ದರೆ ನಗಾಡಿ ಪಾರಾಗುತ್ತಿದ್ದೆ. ಮೂರು ಮೂಲೆಗೆ ಹಳೆಯ ದುಪ್ಪಟಿಯ ಬಟ್ಟೆ, ಆ ಒಂದಕ್ಕೆ ಮಾತ್ರ ಮಾವನವರ ಧೋತರ; ನೋಡಲು ನಾಲ್ಕೂ ಒಂದೇ ಬಿಳಿ. ಶಾಂತಾ ದಿನಾ ಕೆನ್ನೆಗೆ ಒತ್ತಿಕೊಂಡು ಮಲಗುತ್ತಿದ್ದದ್ದು ಅದನ್ನೇ.

"ನಮ್ಮಪ್ಪನ್ನ ಎಲ್ಲಿಟ್ರಿ?" ಎಂದಳು.

ಬೈದಿದ್ದರೆ ವಾಸಿಯಿತ್ತು. ಯಾವ ಮೂಲೆ ಬಿಚ್ಚಿದ್ದೆ ಎಂಬುದು ನನಗೂ ನೆನಪಿರಲಿಲ್ಲ. ಸಮಮಿತಿ ಹೆಚ್ಚಿದಷ್ಟೂ ತಿಳಿಯುವುದು ಕಡಿಮೆ ಎಂದು ತರಗತಿಯಲ್ಲಿ ಹೇಳುತ್ತಿದ್ದವನು ಅವಳ ತುಂಬಿದ ಕಣ್ಣು ನೋಡಲಾರದೆ ನೆಲ ನೋಡಿದೆ.

ಅವಳು ಕೂತು ಒಂದೊಂದೇ ಮೂಲೆಯ ಅಂಚಿಗೆ ಬೆರಳಾಡಿಸುತ್ತ ಬಂದಳು. ಒಂದರ ಹತ್ತಿರ ಬೆರಳು ನಿಂತಿತು. ಕಣ್ಣು ಒರೆಸಿಕೊಂಡು ನಕ್ಕಳು.

"ಇದ ನೋಡ್ರಿ. ಇಷ್ಟು ಕೆಟ್ಟ ಹೊಲಿಗಿ ನಮ್ಮವ್ವಂದಲ್ಲ."

ದೇವದುರ್ಗಕ್ಕೆ ಕಳಿಸಿ ಸರಿಮಾಡಿಸೋಣ ಎಂದೆ. ಬೇಡವೆಂದಳು. ಕೌದಿ ಹರಿದು ಚಿಂದಿಯಾಗುವ ತನಕ, ನನ್ನ ಹೊಲಿಗೆಯನ್ನು ಬೆರಳಲ್ಲಿ ಹುಡುಕಿ ಅದಕ್ಕೇ ಕೆನ್ನೆ ಒತ್ತಿ ಮಲಗಿದಳು. ನಾನು ಬರೆದ ಸಂಶೋಧನಾ ಪ್ರಬಂಧವನ್ನು, ಪರೀಕ್ಷಕರೂ ಸೇರಿದಂತೆ, ಅಷ್ಟು ಅಕ್ಕರೆಯಿಂದ ಯಾರೂ ಮುಟ್ಟಿ ನೋಡಿಲ್ಲ.